ಯಾವ ಮೀನಿನ ಕಣ್ಣು

ನವನಗರದ ನನ್ನ ಅಂಗಡಿಯಲ್ಲಿ
ನೀರೆಂದರೆ ಕ್ಯಾಮೆರಾದ ಶತ್ರು.
ಮಳೆಗೆ ನೆನೆದದ್ದು, ಕಾಲುವೆಗೆ ಬಿದ್ದದ್ದು,
ಮದುವೆಯಲ್ಲಿ ಯಾರೋ ಶರಬತ್ತು ಚೆಲ್ಲಿದ್ದು,
ಎಲ್ಲ ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು
ಬದುಕಿದರೆ ಬದುಕಿತು ಅನ್ನುವವನು ನಾನು.
ಅಪ್ಪ ಮೂಗುತಿಗೆ ಹರಳು ಕೂಡಿಸುತ್ತಿದ್ದ ಚಿಮಟ
ಈಗ ಲೆನ್ಸಿನ ಸ್ಕ್ರೂ ಹಿಡಿಯುತ್ತದೆ.

ಹೆರಕಲ್ಲಿನ ಯಂಕವ್ವ ಬಾರಕೇರ ಬಂದು
ನೂಲಿನ ರೇಟು ಕೇಳಿದ ಹಾಗೆ ಕೇಳಿದಳು,
"ಮುಳುಗೋ ಕ್ಯಾಮೆರಾ ಐತೇನ್ರಿ ಪತ್ತಾರಣ್ಣ?"
ಯಾಕವ್ವಾ ಅಂದೆ.
"ಬಲಿ ಬೀಸೂಕ್ಕಿಂತ ಮೊದಲ ಮೀನು ಚದುರತಾವ.
ಏನ ನೋಡಿ ಚದುರತಾವ?
ಹರಗೋಲ ತಳಕ್ಕ ಟಾರು ಹಚ್ಚಾಕಿ ನಾನ,
ಆದ್ರ ಅದು ಕೆಳಗಿಂದ ಹೆಂಗ ಕಾಣತೈತಿ
ನನಗ ಗೊತ್ತಿಲ್ಲ."

ನಾನು ಮೊಣಕಾಲಿಗಿಂತ ಮೇಲೆ ಹೊಳೆ ಕಂಡವನಲ್ಲ.
ಆದರೂ ಓದಿದ್ದನ್ನೆಲ್ಲ ಒಪ್ಪಿಸಿದೆ:
ದೂರದ್ದನ್ನು ಎಳೆದು ತೋರಿಸುವ ಉದ್ದ ಲೆನ್ಸು
ನೀರಲ್ಲಿ ದಂಡ.
ನಡುವೆ ಇರುವ ನೀರೇ ಪರದೆ, ಪರದೆಗೆ ಕ್ಲಿಕ್ಕಿಸಿದಂತೆ.
ಅಗಲ ನೋಡುವುದು ಬೇಕು, ಹತ್ತಿರ ಹೋಗಬೇಕು,
ಹೋದದ್ದಾಯಿತು ಅನಿಸಿದ ಮೇಲೆ
ಇನ್ನೊಂದು ಮೊಳ ಹೋಗಬೇಕು.
ಫ್ಲ್ಯಾಶ್ ಬೇಡ. ರಾಡಿಯ ಕಣವೆಲ್ಲ ಬೆಳಗಿ
ಮೀನಿಗೆ ಅಕ್ಷತೆ ಬಿದ್ದ ಹಾಗೆ ಬರುತ್ತದೆ ಚಿತ್ರ.
ಎರಡಾಳು ಇಳಿದರೆ ಕೆಂಪು ಸಾಯುತ್ತದೆ.
"ನನ್ನ ಕುಂಕುಮಾನೂ?"
ಅದೂ ಮಸಿ.

ಕಾರವಾರದವನೊಬ್ಬ ಮಾರಿ ಹೋಗಿದ್ದ
ಗಿಡ್ಡ ಕ್ಯಾಮೆರಾ, ಅದಕ್ಕೊಂದು ಪಾರದರ್ಶಕ ಪೆಟ್ಟಿಗೆ.
ಕ್ಯಾಮೆರಾಕ್ಕಿಂತ ಪೆಟ್ಟಿಗೆಯ ಬೆಲೆ ಹೆಚ್ಚು
ಅಂದಾಗ ನಕ್ಕಳು. "ಬಂಗಾರಕ್ಕಿಂತ ತಿಜೋರಿ!"
ಮುಂದೆ ಹಚ್ಚಲು ಉಬ್ಬಿದ ಗಾಜು ತೆಗೆದೆ,
ಇದಕ್ಕೆ ಮೀನುಗಣ್ಣಿನ ಲೆನ್ಸು ಅಂತಾರೆ.
ಅವಳು ಅದನ್ನು ಅಂಗೈಲಿಟ್ಟು ತಿರುಗಿಸಿದಳು.
"ಯಾವ ಮೀನಿಂದು?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಬಾಳಿಮೀನಿಂದೊ, ಕಾಟ್ಲಾದ್ದೊ?
ಹಾವಮೀನಿನ ಕಣ್ಣು ಸಾಸಿವಿಕಾಳು,
ಕಾಟ್ಲಾಂದು ಕವಡಿ.
ಒಂದು ರಾತ್ರಿ ನೋಡತೈತಿ, ಒಂದು ಹಗಲ.
ಎಲ್ಲಾಕ್ಕೂ ಒಂದ ಹೆಸರಿಟ್ರ ಹೆಂಗ?"

ಹಿತ್ತಿಲ ನೀಲಿ ಬ್ಯಾರಲ್ಲಿನಲ್ಲಿ ಪರೀಕ್ಷೆ.
ಮೊದಲು ಕ್ಯಾಮೆರಾ ಇಲ್ಲದೆ
ಪೆಟ್ಟಿಗೆಯೊಳಗೆ ಬರೀ ಟಿಶ್ಯೂ ಕಾಗದ ಮಡಚಿಟ್ಟು,
ಮೇಲೊಂದು ಕಲ್ಲು ಹೇರಿ, ಚಹಾ ಕುಡಿದು ಬಂದೆವು.
ಕಾಗದದ ಮೂಲೆ ಒದ್ದೆ.
ಕರಿ ರಬ್ಬರಿನ ಬಳೆಯ ಕೆಳಗೆ
ಒಂದೇ ಒಂದು ಕೂದಲು. ನನ್ನದು, ನರೆತದ್ದು.
ಚಿಮಟದಿಂದ ಎಳೆದೆ. ಎರಡನೇ ಸಲ ಕಾಗದ ಗರಿಗರಿ.
"ಎಳ್ಳಮಾಸಿ ದಾಟ್ಲಿ, ಹೊಳಿ ತಿಳಿ ಆಗತೈತಿ,"
ಅರ್ಧ ದುಡ್ಡು ಕೊಟ್ಟು, ಸೆರಗಿಗೆ ಕಟ್ಟಿ ಒಯ್ದಳು.

ಬಂದದ್ದು ಸಂಕ್ರಾಂತಿಯಾಗಿ ವಾರಕ್ಕೆ.
ನೂರಾ ಹತ್ತು ಚಿತ್ರ. ನೂರಾ ಮೂರು ಹಸಿರು ಹೊಗೆ,
ಕೆಲವು ಅವಳದೇ ಗುಳ್ಳೆ.
ಒಂದರಲ್ಲಿ ಮಾತ್ರ
ಇಡೀ ಆಕಾಶ ಒಂದು ಪರಾತದಷ್ಟಕ್ಕೆ ಕುಗ್ಗಿ
ದುಂಡಗೆ, ಬೆಳ್ಳಗೆ, ತಲೆಯ ಮೇಲೆ ನಿಂತಿತ್ತು.
ನಡುವೆ ಹರಗೋಲು, ಕರಿ ರೊಟ್ಟಿ.
ಅಂಚಿನಾಚೆ ಚಾಚಿದ ಕೈ, ಕೈಯಲ್ಲಿ ಬಲೆ,
ಮಣಿಕಟ್ಟಿನಲ್ಲಿ ಕಣ್ಣು ಕುಕ್ಕುವ ಒಂದು ಚುಕ್ಕೆ.

"ಏನದು?"
"ನಮ್ಮ ಅಣ್ಣ ಲಗಮಪ್ಪಂದು ಮದುವಿ ವಾಚು!
ಆರು ತಿಂಗಳಿಂದ ನಮ್ಮ ಹೊಟ್ಟಿ ಮ್ಯಾಲೆ
ಟೈಮ್ ನೋಡಾಕತ್ತಾನ."
ನಗುನಗುತ್ತ ಕೌಂಟರಿಗೆ ಒರಗಿದಳು.
ಅದೇ ಕಾರಣವೋ ಅಲ್ಲವೋ, ಮೀನು ಬಂದು ಹೇಳಲಿಲ್ಲ.

ಉಳಿದ ದುಡ್ಡಿನ ಬದಲು ಒಂದು ಕಾಟ್ಲಾ ತಂದಿದ್ದಳು,
ಮೂರು ಕಿಲೋ, ತೇವದ ಗೋಣಿಯಲ್ಲಿ.
ನಾವು ತಿನ್ನುವವರಲ್ಲ ಅಂತ ಅವಳಿಗೆ ಗೊತ್ತಿತ್ತು,
ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ.
ಅವಳು ಹೋದ ಮೇಲೆ ಶಟರ್ ಅರ್ಧ ಎಳೆದು
ಅಪ್ಪನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು
ಅದರ ಕಣ್ಣಿನ ಮೇಲೆ ಬಾಗಿದೆ.
ಒಂದು ಗೀರಿಲ್ಲ, ಕಂಪನಿಯ ಹೆಸರಿಲ್ಲ, ನಂಬರಿಲ್ಲ.
ಒಳಗೆ ನನ್ನ ಟ್ಯೂಬ್‌ಲೈಟು, ಅರ್ಧ ಶಟರು,
ಹೊರಗಿನ ಬೀದಿಯ ಒಂದು ಎಳೆ ಬೆಳಕು,
ಮತ್ತು ಎಲ್ಲಕ್ಕೂ ಅಡ್ಡವಾಗಿ
ಕರ್ರಗೆ, ದುಂಡಗೆ, ನನ್ನ ತಲೆ.