ಬಾಡಿಗೆಗೆ ಬಂದ ಹಾಳೆ

ಕಂದು ಲಕೋಟೆಯಲ್ಲಿ ಬಂತು ನನ್ನ ಪಾಲು.
ಪಿಟೀಲಿನವರಿಗೆ ಹದಿನೆಂಟು ಪುಟ, ನನಗೆ ಐದು;
ಅದರಲ್ಲೂ ಮುಕ್ಕಾಲು ಬರೀ ದಪ್ಪ ಗೆರೆ, ಗೆರೆಯ ನೆತ್ತಿಗೊಂದು ಅಂಕಿ:
ಮೂವತ್ತೆಂಟು ಆವರ್ತ ಸುಮ್ಮನಿರು,
ಇಪ್ಪತ್ತೇಳು ಸುಮ್ಮನಿರು,
ಆಮೇಲೆ, ಮೂರನೆಯ ಭಾಗದಲ್ಲಿ, ನೂರ ಹನ್ನೆರಡು.

ಡುಲೂತ್, ಸರೋವರದ ದಡ. ಸಂಬಳವಿಲ್ಲದ ವೃಂದ.
ಮಂಗಳವಾರ ಸಂಜೆ ಶಾಲೆಯ ಊಟದ ಹಾಲಿನಲ್ಲಿ ತಾಲೀಮು,
ಗೋಡೆಗಂಟಿದ ಟೊಮೆಟೊ ಸೂಪಿನ ವಾಸನೆ.
ಬೆಳಗಿನ ಮೂರಕ್ಕೆ ನಾನು ಕೌಂಟಿಯ ಹಿಮ ತಳ್ಳುವ ಲಾರಿಯಲ್ಲಿರುತ್ತೇನೆ;
ಅಲ್ಲಿ ವರ್ನಾ ಕೆಟ್ಟುನೆನ್ ಎಂದರೆ ನಾಯಿಗೂ ಗೊತ್ತು,
ಇಲ್ಲಿ ನಾನು ಹಿಂದಿನ ಸಾಲಿನ ಆ ಉದ್ದನೆಯ ಕೊಳವೆ.

ಶಾಲೆಯವರೇ ಬೇಡವೆಂದು ಬಿಟ್ಟ ಬಾಸ್ ಕ್ಲಾರಿನೆಟ್:
ಕರಿಮೈ, ಸೊಟ್ಟ ಕತ್ತು, ಮೊಣಕಾಲ ಬಳಿ ಮೇಲಕ್ಕೆ ತೆರೆದ ಬಾಯಿ.
ಒಂದು ಕೀಲಿಗೆ ರಬ್ಬರ್ ಬ್ಯಾಂಡು. ಇನ್ನೊಂದರಡಿ ಸಿಗರೇಟು ಕಾಗದ.
ಊದಿದರೆ ಮೊದಲು ನನ್ನ ಕುರ್ಚಿಗೆ ಕೇಳುತ್ತದೆ, ಆಮೇಲೆ ಜನಕ್ಕೆ.

ಅದಿರು ಹಡಗುಗಳ ಮೇಲೆ ಈ ದೇಶದವನೇ ಯಾರೋ ಬರೆದ ಸೂಟ್:
ಬಂದರು, ಹಗ್ಗ, ಮಂಜು, ಮತ್ತಿನ್ನೆರಡು.
ಮಂಜಿನಲ್ಲಿ ಮಾತ್ರ ಎಲ್ಲರೂ ನಿಲ್ಲುತ್ತಾರೆ,
ನಾಲ್ಕು ಆವರ್ತ ನಾನೊಬ್ಬಳೇ.

ಹಾಳೆಯ ತುಂಬ ಪೆನ್ಸಿಲ್, ನನಗಿಂತ ಮುಂಚಿನವರದು.
ಎಚ್ಚರಿಕೆಗೆಂದು ಬರೆದ ಕನ್ನಡಕದ ಚಿತ್ರ, ಅದಕ್ಕೆ ಯಾರೋ ಮೀಸೆ.
‘ಟೊಲೀಡೊ, ೧೯೫೭. ಹೊರಗೆ ಹಿಮ.’
‘ಕೊಳಲಿನವಳು ತಡ ಮಾಡುತ್ತಾಳೆ. ಕಾಯಬೇಡ.’
‘ಸ್ಪೋಕೇನ್. ಹೆಣ್ಣು ಮಗು. ಏಳು ಪೌಂಡು.’
‘ಇಲ್ಲಿ ಉಸಿರು ತಗೋ, ಯಾರಿಗೂ ಕೇಳದು.’

ಆ ನಾಲ್ಕರ ಕೊನೆಗೆ ಬಂದಾಗ ಎದೆ ಧಸಕ್ಕೆಂದಿತು.
ಇ-ಫ್ಲಾಟಿಗೆ ನನ್ನ ಮೆಟ್ಟಿಲು ಮುಗಿಯುತ್ತದೆ.
ಬರೆದಿರುವುದು ಇನ್ನೊಂದು ಮೆಟ್ಟಿಲು ಕೆಳಗೆ,
ಇಲ್ಲದ ಮೆಟ್ಟಿಲು.
ಪಕ್ಕದಲ್ಲಿ ಮೂರು ಬೇರೆ ಬೇರೆ ಕೈಬರಹ:
‘ನನ್ನಲ್ಲಿಲ್ಲ.’ ‘ನನ್ನಲ್ಲೂ ಇಲ್ಲ.’
‘ಬಾಯೊಳಗೆ ರಟ್ಟಿನ ಕೊಳವೆ ಇಡು. ನಡೆಯುತ್ತೆ.’

ನಡೆಯಿತು. ಆದರೆ ಕೊಳವೆ ಇಟ್ಟರೆ ಇ-ಫ್ಲಾಟೇ ಹೋಯಿತು;
ಒಂದನ್ನು ಪಡೆದರೆ ಇನ್ನೊಂದಿಲ್ಲ, ನನಗೋ ಎರಡೂ ಬೇಕು.
ಎರಡು ಕೈಯೂ ಕೀಲಿಗಳ ಮೇಲೆ.
ಬಲಕ್ಕೆ ಎರಡನೇ ಬಾಸೂನಿನ ಹಾಲ್ವರ್ ಸ್ಟೆನ್‌ಸ್ರುಡ್,
ನಲವತ್ತು ವರ್ಷ ಊರಿನ ಹಲ್ಲು ಕಿತ್ತವನು, ಹೇಳಿದ:
‘ತೆರೆದ ಬಾಯಿಗೆ ಏನಾದರೂ ತುರುಕುವುದು ನನ್ನ ಕಸುಬೇ ಅಲ್ಲವೇ?’

ಕಛೇರಿಯ ಸಂಜೆ ರಟ್ಟು ಮನೆಯಲ್ಲೇ ಉಳಿಯಿತು.
ಲಾರಿಗೆ ಓಡಿದೆ. ಸಿಕ್ಕಿದ್ದು ನಮ್ಮ ವಿಭಾಗದ ರಸ್ತೆ ನಕ್ಷೆ,
ಸುತ್ತಿ, ಅಂಟುಪಟ್ಟಿ ಬಿಗಿದೆ.

ಒಂದು ಎರಡು ಮೂರು ನಾಲ್ಕು,
ಎರಡು ಎರಡು ಮೂರು ನಾಲ್ಕು,
ಮೂರು ಎರಡು ಮೂರು ನಾಲ್ಕು,
ತುತ್ತೂರಿಗಳು ಬಿರುಗಾಳಿ ಎಬ್ಬಿಸಿದ್ದವು,
ನಾನು ಒಳಗೊಳಗೇ ಕಂಬ ಎಣಿಸುತ್ತಿದ್ದೆ,
ಬಿಳಿ ಕತ್ತಲಲ್ಲಿ ರಸ್ತೆಯ ಅಂಚು ಹೇಳುವ ಕಂಬ.
ಎಪ್ಪತ್ತೊಂದೋ? ಎಪ್ಪತ್ತೆರಡೋ?
ತಪ್ಪಿತು ಲೆಕ್ಕ. ತಿರುಗಿದರೆ ಹಾಲ್ವರ್‌ನ ತುಟಿ
ಸದ್ದಿಲ್ಲದೆ: ಎಪ್ಪತ್ತಮೂರು.

ಬಿರುಗಾಳಿ ಸತ್ತಿತು. ನಾನು ಹೊರಟೆ,
ಮರದೊಳಗಿನ ಕತ್ತಲನ್ನು ಒಂದೊಂದೇ ಬೆರಳಿಂದ ಮುಚ್ಚುತ್ತ ಇಳಿದೆ.
ಇ-ಫ್ಲಾಟ್.
ಯಾರಿಗೂ ಕೇಳದ ಆ ಉಸಿರು.
ಹಾಲ್ವರ್ ಬಗ್ಗಿದ, ಅವನ ಬೆನ್ನು ಲಟಕ್ಕೆಂದಿತು (ಅದು ಕೇಳಿತು),
ನಕ್ಷೆ ಒಳಗಿಳಿಯಿತು.

ಚೆಂದವೇನಲ್ಲ ಆ ಸ್ವರ. ಕಾಗದ ಗುಯ್ಗುಟ್ಟಿತು.
ಆದರೂ ಇತ್ತು. ಮೊಣಕಾಲಿಗೆ ತಾಗಿತು, ಹಲಗೆಗಿಳಿಯಿತು;
ಎರಡನೇ ಸಾಲಿನ ಹುಡುಗನೊಬ್ಬ
ತನ್ನ ಶೂ ಬಗ್ಗಿ ನೋಡಿಕೊಂಡ.

ಹಾಳೆ ವಾಪಸು ಮಾಡುವ ಮುನ್ನ ಪೆನ್ಸಿಲ್ ಅಳಿಸಬೇಕು,
ಇಲ್ಲವಾದರೆ ದಂಡ, ಲಕೋಟೆಯ ಮೇಲೇ ಅಚ್ಚಾಗಿದೆ.
ನನ್ನ ಬಾಣದ ಗುರುತುಗಳನ್ನು ಉಜ್ಜಿದೆ.
ಬೇರೆಯವರದಕ್ಕೆ ರಬ್ಬರು ತಾಗಿಸಲಿಲ್ಲ.
ರಟ್ಟಿನವನ ಸಾಲಿನ ಕೆಳಗೆ ಬರೆದೆ:
‘ಪಕ್ಕದವರನ್ನು ಕೇಳು.’

ಮೂರು ಗಂಟೆ. ಮತ್ತೆ ಹಿಮ.
ಲಾರಿಯಲ್ಲಿ ನಕ್ಷೆ ಬಿಡಿಸಿಟ್ಟರೆ ನಿಲ್ಲಲೊಲ್ಲದು,
ಫ್ಲಾಸ್ಕು ಹೇರಿದೆ, ಕೈಚೀಲ ಹೇರಿದೆ,
ಸುರುಳಿ ಸುತ್ತಿಕೊಳ್ಳುತ್ತಲೇ ಇದೆ.