ನಾನೆ ಕಾಯಿಯ ಶಾಯಿ

ಪಾದ್ರಿ ಗೌದೆನ್ಸಿಯೊನ ದೋಣಿ ಹೊಡೆದವನು ನಾನು.
ಹನ್ನೊಂದು ಮಳೆಗಾಲ, ಉಕಾಯಾಲಿಯ ಕೆಸರು ನೀರಿನಲ್ಲಿ
ಮೇಲಕ್ಕೂ ಕೆಳಕ್ಕೂ.
ಈಜು ಬಾರದು ಅವನಿಗೆ. ದೋಣಿ ವಾಲಿದರೆ
ದೇವರಿಗಿಂತ ಮೊದಲು ನನ್ನ ಹೆಸರು ಕೂಗುತ್ತಿದ್ದ.

ಬಂದ ದಿನ ತಂದದ್ದು ಆರು ಕೊಡಲಿ, ಒಂದು ಡಬ್ಬಿ ಸೂಜಿ.
ಸೊಂಟದ ಹಗ್ಗಕ್ಕೆ ಮೂರು ಗಂಟು.
ಒಂದು ಬಡತನಕ್ಕೆ, ಒಂದು ಹೆಣ್ಣು ಮುಟ್ಟದಿರಲಿಕ್ಕೆ,
ಒಂದು ಹೇಳಿದ ಮಾತು ಕೇಳಲಿಕ್ಕೆ ಅಂದ.
ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು:
ಪಾಪ, ಮರೆವಿನ ಮನುಷ್ಯ, ಗಂಟು ಹಾಕಿಕೊಂಡಿದ್ದಾನೆ.

ನಿಜ ಹೇಳುತ್ತೇನೆ, ನಮಗೆ ಬೇಕಿದ್ದದ್ದು ಕೊಡಲಿ.
ಕೊಡಲಿಗಾಗಿ ತಲೆಗೆ ನೀರು ಸುರಿಸಿಕೊಂಡೆವು.
ಅಣ್ಣ ರೋನೊ ಎರಡು ಸಲ ಸುರಿಸಿಕೊಂಡ,
ಎರಡನೆಯ ಸಲ ಮುಖಕ್ಕೆ ಕೆಂಪು ಬಳಿದುಕೊಂಡು.
ಗೊತ್ತಾಗಿಯೂ ಕೊಟ್ಟ ಪಾದ್ರಿ, ಎರಡನೆಯ ಕೊಡಲಿ.

ಆಮೇಲೆ ಕೆಮ್ಮು ಬಂತು.
ಕೊಡಲಿಯ ಹಿಂದೆಯೇ ಬಂತು, ಅದೇ ದೋಣಿಯಲ್ಲಿ,
ನನ್ನದೇ ಹುಟ್ಟಿನ ಬೀಸಿಗೆ.
ಮೊದಲು ಹೋದದ್ದು ರೋನೊ. ಅವನ ಮಗು. ಆಚೆ ಗುಡಿಸಲಿನ
ಸೋಯಿ, ಅವಳ ಇಬ್ಬರು ಹುಡುಗಿಯರು.
ದೊಡ್ಡ ಪುಸ್ತಕದಲ್ಲಿ ಹೆಸರುಗಳ ಪಕ್ಕ
ಒಂದೊಂದೇ ಶಿಲುಬೆ ಎದ್ದು ನಿಂತಿತು,
ಶಾಯಿ ತೀರುವವರೆಗೆ.

ಅವ್ವ ಕಾಯಿ ತಂದಳು, ನಮ್ಮವರು ನಾನೆ ಎನ್ನುವ ಕಾಯಿ.
ಮುಖಕ್ಕೆ ಗೆರೆ ಎಳೆಯಲು ಹಸಿಯಾಗಿ ಹಿಂಡುತ್ತೇವೆ.
ಹಿಂಡಿದಾಗ ಬರೀ ನೀರು. ಹಚ್ಚಿದಾಗಲೂ ನೀರು.
ರಾತ್ರಿ ಕಳೆದರೆ ಕಪ್ಪು.
ಅವನು ನಂಬಲಿಲ್ಲ. ಆದರೂ ಗರಿ ಅದ್ದಿದ,
ಮೇಣದ ಬೆಳಕಿನಲ್ಲಿ ಕಾಣದ ಅಕ್ಷರ ಬರೆದ,
ಒಬ್ಬರ ಮೇಲೊಬ್ಬರು ಬೀಳದ ಹಾಗೆ
ಎಡಗೈ ಬೆರಳಿಟ್ಟು ಸಾಲು ಹಿಡಿದು.
ಬೆಳಿಗ್ಗೆ ಪುಟ ತೆರೆದವನು ಕುಸಿದು ಕುಳಿತ.
ಸತ್ತವರೆಲ್ಲ ಬಂದಿದ್ದರು.
ರೋನೊ ಎರಡು ಸಲ, ಎರಡು ಹೆಸರಿನಲ್ಲಿ.

ಆ ದಿನ ಗಂಟೆ ಬಾರಿಸಲಿಲ್ಲ.
ಅವ್ವನ ಒಲೆಯ ಮುಂದೆ ಕುಳಿತು ಅವನ ಭಾಷೆಯಲ್ಲಿ ಏನೋ ಹೇಳಿದ, ತುಂಬ ಹೊತ್ತು.
ಅವ್ವ ಅವಳ ಭಾಷೆಯಲ್ಲಿ ಮೀನು ತಿನ್ನು ಅಂದಳು.
ತಿಂದ.

ಪಾದ್ರಿಯನ್ನು ಕೊಂದದ್ದು ತೊಡೆಯ ಹುಣ್ಣು.
ಕೆಳಗಿನ ಮಠದಿಂದ ಇಬ್ಬರು ಸನ್ಯಾಸಿಗಳು ಬಂದರು, ಹೆಣ ಒಯ್ಯಲು.
ತೊಳೆಯುತ್ತೇನೆ ಅಂದಳು ಅವ್ವ. ಪಾದ ಮಾತ್ರ ಅಂದರು.
ಬೋಗುಣಿಯಲ್ಲಿ ನೀರಿನಂಥದ್ದು ತಂದಳು.
ಹತ್ತಿ ಸುತ್ತಿದ ಕಡ್ಡಿಯಿಂದ ಸಾವಕಾಶವಾಗಿ ತೊಳೆದಳು,
ಹಿಮ್ಮಡಿಯಿಂದ ಹೆಬ್ಬೆರಳವರೆಗೆ, ಮೂಲೆ ತಿರುಗಿ, ಮತ್ತೆ ಹಿಮ್ಮಡಿಗೆ.
ಎಂಥ ಭಕ್ತಿ, ಎಂದ ಕಿರಿಯವನು.

ಮರುದಿನ ಹೊತ್ತೇರಿದಾಗ, ಹೊಳೆಯ ಎರಡು ತಿರುವು ದಾಟಿದ ಮೇಲೆ,
ಬಟ್ಟೆ ಸರಿದು ಪಾದ ಕಂಡಿತು.
ಹೆಬ್ಬಾವಿನ ಮೈಯ ಗೆರೆ, ಹೊಳೆಯ ಗೆರೆ,
ನಮ್ಮ ಗುಡಿಸಲಿಂದ ನೀರಿಗಿಳಿಯುವ ದಾರಿಯ ಗೆರೆ,
ಕಪ್ಪಗೆ, ಒಂದೂ ತಪ್ಪಿಲ್ಲದೆ.
ಕಿರಿಯವನು ಜಪಮಾಲೆ ಬಿಗಿಹಿಡಿದ.
ಹಿರಿಯವನು ನೀರೆರಚಿ ಉಜ್ಜಿದ.
ದಡಕ್ಕೆ ಹಚ್ಚಿಸಿ ಮರಳು ತೆಗೆದು ಉಜ್ಜಿದ.
ಹತ್ತು ದಿನ ಹೋಗುವುದಿಲ್ಲ ಅದು, ಎಂದೆ ನಾನು.
ಬದುಕಿರುವವರ ಮೈಯಲ್ಲಿ ಹತ್ತು ದಿನ.
ಸತ್ತವರದು ನನಗೆ ಗೊತ್ತಿಲ್ಲ.

ಅವನ ಉಗುರಿನಲ್ಲಿ ಮರಳಿತ್ತು.
ನನ್ನ ಮುಖದ ಗೆರೆಗಳನ್ನು ಆಗಷ್ಟೇ ಕಂಡವನ ಹಾಗೆ ನೋಡಿದ.
ನಿಲುವಂಗಿಯ ಅಂಚನ್ನು ಪಾದದ ಮೇಲೆ ಎಳೆದ,
ಮಲಗಿದವನಿಗೆ ಚಳಿಯಾದೀತು ಎಂಬಂತೆ.
ದೋಣಿ ಹೊಡೆ ಎಂದ.
ಹೊಡೆದೆ.