ಟವಲ್ ಹಾಕಿದ ಸೀಟು

ಬಂಕಾಪುರದ ಹತ್ರ ಎಮ್ಮಿ ಅಡ್ಡ ಬಂತು,
ಮಕ್ತುಮ್‌ಸಾಬ ಬ್ರೇಕ್ ಒತ್ತಿದ.
ಬಾಯಾಗ ಸೀಟಿ ಇಟಗೊಂಡಾಕಿ ಕಂಬಿಗೆ ಬಡದೆ:
ಸೀಟಿ ಉಳೀತು, ಹಲ್ಲು ಹೋತು.

ಅವತ್ತಿಂದ ಸವಣೂರು ನನ್ನ ಬಾಯಾಗ ಬರೇ ಗಾಳಿ.
'ಯಾ ಊರ್ರೀ ಅಕ್ಕಾರ?' ಅಂತ
ಕಾಲೇಜ್ ಹುಡುಗ್ರು ಮತ್ತ ಮತ್ತ ಕೇಳತಿದ್ರು.

ದುರ್ಗದಬೈಲ್ ಹಿಂದಿನ ದವಾಖಾನಿಯೊಳಗ
ಡಾಕ್ಟರ್ ನದಾಫ ಬಾಯಿ ರಿಟೇನರ್ ಕೊಟ್ರು:
ಗುಲಾಬಿ ಪ್ಲೇಟು, ಎರಡು ತಂತಿ, ಒಂದೇ ಹಲ್ಲು.
'ಜಾಗಾ ಖಾಲಿ ಬಿಟ್ರ ಬಾಜೂದವು ಸರಕೋತ ಬರತಾವು.
ನಿಮಗ ಹೇಳಬೇಕೇನು,
ಕಿಡಕ್ಯಾಗಿಂದ ಟವಲ್ ಒಗದು ಸೀಟ್ ಹಿಡದಂಗ ಇದು.
ಮಲಗೂ ಮುಂದ ತಗೀರಿ.'

ಹಾವೇರಿ ಡಿಪೋ, ನೈಟ್ ಹಾಲ್ಟ್. ತಗೀಲಿಲ್ಲ.
ನಡುರಾತ್ರಿ ಗಂಟಲಕ್ಕ ತಂತಿ ತಾಗಿ ಎದ್ದು ಕೂತೆ.
ಕೆಮ್ಮಿ ಕೆಮ್ಮಿ ಅಂಗೈಗೆ ಬಿತ್ತು, ಬೆಚ್ಚಗ,
ಇನ್ನೂ ನನ್ನದೇ ಅನ್ನೂವಂಗ.

ಈಗ ಅದಕ್ಕೊಂದು ಸ್ಟೀಲ್ ಡಬ್ಬಿ.
ಮೊದಲು ಚಿಲ್ಲರೆ ಜೋಡಿ ಇಡತಿದ್ದೆ;
ಗುತ್ತಲದ ಮುದುಕಿಗೆ ಎರಡು ರೂಪಾಯಿ ಅಂತ ಕೊಟ್ಟಬಿಟ್ಟಿದ್ದೆ,
ಆಕಿ ಬೊಚ್ಚುಬಾಯಿ ತಗದು
'ನನಗ ಒಂದು ಸಾಲೂದಿಲ್ಲವ್ವಾ' ಅಂದ್ಲು.

ತಣ್ಣೀರಾಗ ತೊಳೀಬೇಕು, ಬಿಸಿಗೆ ಸೊಟ್ಟ ಆಗತೈತಿ.
ವಸಡು ಕೆಂಪಾದ ದಿನ ರಜಾ. ಅದಕ್ಕ, ನನಗಲ್ಲ.
ತಂತಿ ಹಿಡಕೊಂಡ ಎಡಗಡೆ ಹಲ್ಲು
ಇತ್ತೀಚೆಗೆ ನಾಲಿಗಿಗೆ ಅಳ್ಳಾಡತೈತಿ.
ಮಂದಿ ಭಾರ ಹೊತ್ತದ್ದಕ್ಕ ಇರಬೇಕು.
ಖಡಕ್ ರೊಟ್ಟಿ ಸಾರಿನ್ಯಾಗ ನೆನೀತೈತಿ,
ಮುರದು ತಿನ್ನೂ ಸಪ್ಪಳ ಮರತೈತಿ.

ಕಾಯಂ ಹಲ್ಲಿನ ರೊಕ್ಕ ಕೂಡಿಲ್ಲ.
ಟವಲ್ ಹಾಕಿದವ್ರು ಬರತಾರೋ ಇಲ್ಲೋ
ನಾನೇ ಎಷ್ಟು ಸಲ ಜಗಳಾ ಬಿಡಿಸಿಲ್ಲ.

ಮುಂಜಾನೆ ಆರೂವರೆ, ಹೊಸ ಬಸ್‌ಸ್ಟ್ಯಾಂಡ್.
ಡಬ್ಬಿ ತಗದು ಹಲ್ಲು ಕೂಡಿಸಿ ಕೂಗತೇನಿ:
ಶಿಗ್ಗಾಂವಿ, ಸವಣೂರ, ಸವಣೂರ.
ಒಂದು ಸಲ ಬಸ್ಸಿಗೆ,
ಇನ್ನೊಂದು ಸುಮ್ಮನ.